ಮೊಳೆಗೆ ನೇತುಹಾಕಿದ ಹೆಸರುಗಳು

ಈಚೆಗೆ ಹುಬ್ಬಳ್ಳಿಯ ಒಂದು ಮಾಲ್‌ನಲ್ಲಿ ಸಿನಿಮಾ ನೋಡಿದೆ. ಕಥೆ ಮುಗಿದು ಹೆಸರುಗಳು ಮೇಲೇರತೊಡಗಿದ ಕೂಡಲೇ ದೀಪ ಹೊತ್ತಿತು. ಸಮವಸ್ತ್ರ ತೊಟ್ಟ ಇಬ್ಬರು ಪೊರಕೆ ಹಿಡಿದು ಬಂದು, ಪರದೆಗೆ ಬೆನ್ನು ಹಾಕಿ ಪಾಪ್‌ಕಾರ್ನ್ ಗುಡಿಸತೊಡಗಿದರು. ನಾನು ಎದ್ದಿರಲಿಲ್ಲ.

"ಅಂಕಲ್, ಮುಗೀತು," ಎಂದ ಒಬ್ಬ.

"ಎಲ್ಲಿ ಮುಗಿದಿದೆ? ಓಡ್ತಾ ಇದೆಯಲ್ಲ."

ಅವನು ಒಮ್ಮೆ ಪರದೆಯತ್ತ ತಿರುಗಿ ನೋಡಿದ. "ಅದು ಬರೀ ಹೆಸರು," ಎಂದ.

ಆ ಮಾತಿಗೆ ಬಂದ ಸಿಟ್ಟು ಶಿರಸಿಯ ಬಸ್ಸು ಹತ್ತಿದ ಮೇಲೂ ಇಳಿಯಲಿಲ್ಲ. ಸಿಟ್ಟು ಅವನ ಮೇಲಲ್ಲ, ಅವನಿಗೆ ಹಾಗೆ ಹೇಳಿಕೊಟ್ಟವರ ಮೇಲೆ. ಈ ಕಸುಬಿಗೆ ಈಗ ಸೇರುತ್ತಿರುವವರು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನಾನು ಶಿರಸಿಯ ಒಂದು ಟಾಕೀಸಿನಲ್ಲಿ ಪ್ರೊಜೆಕ್ಟರ್ ಓಡಿಸುತ್ತಿದ್ದೆ. ನಮ್ಮ ಕಡೆ ಆ ಕೆಲಸದವನಿಗೆ ಆಪರೇಟರ್ ಎನ್ನುತ್ತಿದ್ದರು. ಟಾಕೀಸು ಈಗ ಇಲ್ಲ. ಕಂಡದ್ದನ್ನು ಕಂಡೆ ಎಂದೂ, ಕೇಳಿದ್ದನ್ನು ಕೇಳಿದೆ ಎಂದೂ ಬರೆಯುತ್ತೇನೆ. ಎರಡನ್ನೂ ಬೆರೆಸಿದರೆ ಏನಾಗುತ್ತದೆ ಎಂಬುದನ್ನು ಕೆಳಗೆ ಬರುವ ಸಂಗತಿಯಲ್ಲೇ ನೋಡಿದ್ದೇನೆ.

ನಮ್ಮ ಕ್ಯಾಬಿನ್ನಿನ ಗೋಡೆಗೆ ಒಂದು ಮೊಳೆ ಇತ್ತು. ಅದಕ್ಕೆ 'ಬಾಲ' ನೇತುಹಾಕುತ್ತಿದ್ದೆವು. ಸಿನಿಮಾದ ಮೊದಲಿಗೆ ಬರುವ ಕಂಪನಿಗಳ ಗುರುತು, ಬ್ಯಾನರು, ದೇವರ ಪಟ ಇವೆಲ್ಲ ಸೇರಿ ತಲೆ. ಕೊನೆಗೆ ಬರುವ ಹೆಸರುಗಳು ಬಾಲ. ಪ್ರಿಂಟಿನ ಪೆಟ್ಟಿಗೆ ಬಂದ ದಿನ ಕೊನೆಯ ರೀಲಿನಿಂದ ಬಾಲ ಕತ್ತರಿಸಿ, ಸುರುಳಿ ಸುತ್ತಿ ಮೊಳೆಗೆ ಹಾಕುವುದು. ಪೆಟ್ಟಿಗೆ ಮುಂದಿನ ಊರಿಗೆ ಹೋಗುವ ದಿನ ತೆಗೆದು ಮತ್ತೆ ಅಂಟಿಸುವುದು. ನಾನು ಸೇರುವಾಗ ಸಿಮೆಂಟು ಎಂಬ ಫಿಲ್ಮಿನ ಅಂಟು ಹಚ್ಚಿ ಜೋಡಿಸುತ್ತಿದ್ದೆವು. ಆಮೇಲೆ ಬಂದ ಫಿಲ್ಮಿಗೆ ಸಿಮೆಂಟು ಹಿಡಿಯುತ್ತಿರಲಿಲ್ಲ, ಟೇಪು ಬಂತು. ಪ್ರೊಜೆಕ್ಟರಿನ ಬೆಳಕಿಗೆ ಕಾರ್ಬನ್ ಕಡ್ಡಿ ಉರಿಸುವುದು ಹೋಗಿ ಬಲ್ಬು ಬಂತು. ಮೊಳೆ ಮಾತ್ರ ಬದಲಾಗಲಿಲ್ಲ.

ತೊಂಬತ್ತರ ದಶಕದ ಶುರುವಿನಲ್ಲಿ ಬಾಲವೇ ಇರಲಿಲ್ಲ. ಒಂದು ಬ್ಯಾನರು: ದೀಪವೋ ಗಂಟೆಯೋ ಯಾವುದೋ ದೇವಿಯೋ. ಆಮೇಲೆ ಒಂದು ಹಾಡಿನ ಮೇಲೆ ಹೆಸರುಗಳು. ಕಥೆ. ಕೊನೆಗೆ 'ಶುಭಂ'. ಪರದೆಯ ಮೇಲೆ ಶುಭಂ ಬಂದಾಗ ನಮ್ಮ ಗೇಟ್‌ಕೀಪರ್ ಹುಸೇನ್ ಸಾಬರು ಬಾಗಿಲ ಚಿಲಕ ಎಳೆಯುತ್ತಿದ್ದರು. ಅದಕ್ಕಿಂತ ಮೊದಲು ಎಳೆದವರಲ್ಲ.

ಶುಭಂ ಇಲ್ಲದ ಸಿನಿಮಾ ಮೊದಲ ಸಲ ಬಂದಾಗ ಒಂದು ಫಜೀತಿಯಾಯಿತು. ನಾಯಕನ ಮುಖ ಪರದೆಯ ಮೇಲೆ ನಿಂತುಬಿಟ್ಟಿತು, ಅದರ ಮೇಲೆ ಹೆಸರುಗಳು ಏರತೊಡಗಿದವು. ಜನ ಎದ್ದು ಬಾಗಿಲಿಗೆ ಬಂದರು. ಹುಸೇನ್ ಸಾಬರು ಚಿಲಕದ ಮೇಲೆ ಕೈ ಇಟ್ಟು ಪರದೆಯನ್ನೇ ನೋಡುತ್ತ ನಿಂತಿದ್ದರು.

"ಹುಸೇನಣ್ಣ, ಬಾಗ್ಲು ತೆಗಿಯಾ ಮಾರಾಯಾ, ಬಸ್ ಹೋಗ್ತದೆ!"

"ತಡೀರಿ ತಡೀರಿ, ಶುಭಂ ಬರ್ಲಿ."

"ಶುಭಂ ಬರ್ದಿದ್ರೆ ಇಲ್ಲೇ ಮಲಗೂದಾ ನಾವು?"

ಮರುದಿನ ಮ್ಯಾನೇಜರ್ ಪಾಟೀಲರು ಕ್ಯಾಬಿನ್ನಿಗೆ ಬಂದರು. ಅವರು ಹಾವೇರಿ ಕಡೆಯವರು. ನನ್ನನ್ನು 'ಆಪರೇಟರ್ ಸಾಹೇಬ್ರ' ಎಂದೇ ಕರೆಯುತ್ತಿದ್ದರು, ಗೌರವದಿಂದ ಅಲ್ಲ.

"ಆಪರೇಟರ್ ಸಾಹೇಬ್ರ, ಎಲ್ಲಿಂದರ ಒಂದ್ ಶುಭಂ ಹುಡುಕ್ರಿ. ಕಥಿ ಮುಗದ ಕೂಡ್ಲೆ ಅದನ್ನ ಅಂಟಸ್ರಿ. ಹಿಂದಿನ ಬಾಲ ಕೊಯ್ದ್ ಒಗೀರಿ."

"ಒಗೆದರೆ ಕಂಪನಿಯವರು ಕೇಳುವುದಿಲ್ಲವೇ?"

"ಬಾಲ ಯಾಂವ ಕೇಳ್ತಾನ್ರಿ? ತಲಿ ಮುಟ್ಟಬ್ಯಾಡ್ರಿ, ಅಷ್ಟ."

ಎಸೆದುಬಿಡಲು ನಾನು ಒಪ್ಪಲಿಲ್ಲ, ಅದಕ್ಕೇ ಆ ಮೊಳೆ. ಶುಭಂ ಸಿಕ್ಕಿದ್ದು ಒಂದು ಹಳೆಯ ಪೌರಾಣಿಕ ಚಿತ್ರದ ಹರುಕಿನಲ್ಲಿ. ಕಪ್ಪು ಬಿಳುಪು, ಅಕ್ಷರಗಳ ಸುತ್ತ ಮಲ್ಲಿಗೆ ಮಾಲೆ. ಬಣ್ಣದ ಹೊಡೆದಾಟ ಮುಗಿದ ಮರುಕ್ಷಣ ಆ ಮಾಲೆ ಬರುತ್ತಿತ್ತು. ಜನ ಕೆಲವು ದಿನ ನಕ್ಕರು, ಆಮೇಲೆ ಒಗ್ಗಿಕೊಂಡರು. ಒಮ್ಮೆ ನಾಯಕ ನಾಯಕಿ ಕೈ ಹಿಡಿದು ನದಿಗೆ ಹಾರಿದ ಸಿನಿಮಾಕ್ಕೂ ಅದನ್ನೇ ಅಂಟಿಸಿದೆವು. ಪರದೆಯ ಮುಂದಿನ ಗಾಂಧಿ ಕ್ಲಾಸಿನಿಂದ ಒಬ್ಬ ಕೂಗಿದ: "ಯಾರಿಗೆ ಶುಭವಾ? ಇಬ್ರೂ ಸತ್ರಲ!" ಇಡೀ ಟಾಕೀಸು ನಕ್ಕಿತು.

ಎರಡು ಸಾವಿರದ ನಂತರ ತಲೆ ಬೆಳೆಯಿತು. ಅರ್ಪಿಸುವವರದ್ದು ಒಂದು ಗುರುತು, ನಿರ್ಮಿಸುವವರದ್ದು ಒಂದು, ಜೊತೆಗೂಡಿ ನಿರ್ಮಿಸುವವರದ್ದು ಒಂದು, ಹಂಚುವವರದ್ದು, ಹಾಡಿನ ಕ್ಯಾಸೆಟ್ಟಿನವರದ್ದು. ಹದ್ದು ಹಾರಿ ಬರುವುದು, ಭೂಗೋಳ ತಿರುಗುವುದು, ಚಿನ್ನದ ಅಕ್ಷರದ ಮೇಲೆ ಮಿಂಚು ಬಡಿಯುವುದು. ಒಬ್ಬ ನಿರ್ಮಾಪಕ ತನ್ನ ಮಗನನ್ನೇ ಕುದುರೆಯ ಮೇಲೆ ಕೂರಿಸಿ ಗುರುತು ಮಾಡಿಕೊಂಡಿದ್ದ. ಆಮೇಲೆ ಕೈಮುಗಿದ ನಾಯಕರ ಪಟ, ಗುರುಗಳ ಪಟ, ಮುಹೂರ್ತ ಇಟ್ಟುಕೊಟ್ಟ ಜೋಯಿಸರಿಗೆ ವಂದನೆ. "ಸಿನಿಮಾ ಅದೆಯಾ, ಬರೀ ಮಂಗಳಾರತಿಯಾ?" ಎಂದು ಜನ ಕೇಳುತ್ತಿದ್ದರು. ಆದರೆ ಬಾಗಿಲು ಮುಚ್ಚಿರುತ್ತಿತ್ತು, ಕತ್ತಲೆ ಇರುತ್ತಿತ್ತು, ಕೂತು ನೋಡುತ್ತಿದ್ದರು. ಪ್ರಿಂಟಿನ ಜೊತೆ ಬರುವ ಕಂಪನಿಯ ಮನುಷ್ಯ ಮೊದಲ ಆಟದಲ್ಲಿ ನಿಂತು, ತಲೆ ಪೂರ್ತಿ ಓಡಿತೇ ಎಂದು ನೋಡಿಕೊಂಡೇ ಊಟಕ್ಕೆ ಹೋಗುತ್ತಿದ್ದ.

ಅದೇ ಹೊತ್ತಿಗೆ ಬಾಲವೂ ಬೆಳೆಯಿತು. ಮೊದಲು ಎಲ್ಲಿಯೂ ಇರದಿದ್ದವರ ಹೆಸರು ಬರತೊಡಗಿತು. ಲೈಟ್ ಹೊರುವವರು, ಅಡುಗೆಯವರು, ಬಟ್ಟೆಗೆ ಇಸ್ತ್ರಿ ಹಾಕುವವರು, ಗಾಡಿ ಓಡಿಸುವವರು. ಇದನ್ನು ನನಗೆ ತೋರಿಸಿಕೊಟ್ಟವನು ಈಶ್ವರ ನಾಯ್ಕ.

ಈಶ್ವರ ಸಿದ್ದಾಪುರ ತಾಲೂಕಿನ ಮನ್ಮನೆಯವನು. ಬಾಡಿಗೆ ಜೀಪು ಓಡಿಸುತ್ತಿದ್ದ. ಶಿರಸಿ, ಸಿದ್ದಾಪುರ, ಯಲ್ಲಾಪುರ ಟಾಕೀಸುಗಳ ನಡುವೆ ಪ್ರಿಂಟಿನ ಪೆಟ್ಟಿಗೆ ಸಾಗಿಸುತ್ತಿದ್ದವನು ಅವನೇ. ಪೆಟ್ಟಿಗೆ ಇಳಿಸಿ, ಚಹಾ ಕುಡಿದು, ಕ್ಯಾಬಿನ್ನಿನ ಕಿಂಡಿಯಲ್ಲಿ ಸಿನಿಮಾ ನೋಡುತ್ತಿದ್ದ. ಮೈಯುಳ್ಳ ಆಳು. ಆ ಕಿಂಡಿಗೆ ಅವನು ಮುಖ ಇಟ್ಟರೆ ಬೇರೆಯವರಿಗೆ ಜಾಗವೇ ಇಲ್ಲ. ಮೊಳೆಯಿಂದ ಬಾಲ ಬಿಚ್ಚಿ ಬೆಳಕಿಗೆ ಹಿಡಿದು ಓದುವುದು ಅವನೊಬ್ಬನೇ.

"ರಾಮಣ್ಣ, ಕಾಣಿ ಇಲ್ಲಿ. ಡ್ರೈವರ್‌ಗಳದ್ದೂ ಹಾಕ್ತಾರೆ ಈಗ. ಒಂದಲ್ಲ, ಸಾಲಾಗಿ."

"ಹಾಕಿದ್ರೆ ಎಂತ ಬಂತೋ? ಮೊಳೆಗೆ ನೇತಾಡೂಕೆ."

"ಅದು ನಿಮ್ಮ ಮೊಳೆ ತಪ್ಪು, ಅವ್ರದ್ದಲ್ಲ."

ಅವನು ನಗುತ್ತಾ ಹೇಳಿದ್ದ. ಈಗ ನನಗೆ ನಗು ಬರುವುದಿಲ್ಲ.

ಒಂದು ಬೇಸಿಗೆಯಲ್ಲಿ ಬೆಂಗಳೂರಿನ ಒಂದು ಕಂಪನಿ, ಆ ಕುದುರೆ ಗುರುತಿನವರದ್ದೇ, ಅರಬೈಲ್ ಘಟ್ಟದಲ್ಲಿ ಶೂಟಿಂಗಿಗೆ ಬಂತು. ಆ ಸಿನಿಮಾದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಈಶ್ವರನ ಜೀಪನ್ನು ಸಾಮಾನು ಸಾಗಿಸಲು ಹಿಡಿದರು. ಒಂದು ಸಂಜೆ ಪೆಟ್ಟಿಗೆ ಒಯ್ಯಲು ಬಂದವನು ನನಗೆ ಹೇಳಿದ: ಘಟ್ಟದ ತಿರುವಿನಲ್ಲಿ ದೂರದಿಂದ ಹಿಡಿಯುವ ದೃಶ್ಯಕ್ಕೆ ನಾಯಕನ ಬದಲು ತನ್ನಿಂದಲೇ ಜೀಪು ಓಡಿಸಿದರು, ನಾಳೆ ಇನ್ನೊಮ್ಮೆ ಇದೆ, ಟೈಟಲ್‌ನಲ್ಲಿ ಹೆಸರು ಹಾಕುತ್ತೇವೆ ಎಂದಿದ್ದಾರೆ. ಇದು ನನ್ನ ಕಿವಿಯಾರೆ ಕೇಳಿದ್ದು.

ಮರುದಿನ ಅದೇ ತಿರುವಿನಲ್ಲಿ ಜೀಪು ಕೆಳಗೆ ಹೋಯಿತು. ನಾನು ಅಲ್ಲಿರಲಿಲ್ಲ. ಆಸ್ಪತ್ರೆಗೆ ಹೋದೆ. ಅಷ್ಟರಲ್ಲಿ ಈಶ್ವರ ತೀರಿಕೊಂಡಿದ್ದ. ಅಲ್ಲಿ ಕಂಪನಿಯ ಒಬ್ಬ ಮನುಷ್ಯ, ಬಿಳಿ ಟೊಪ್ಪಿಗೆ ಹಾಕಿದ್ದವನು, ಪೊಲೀಸರ ಎದುರು ಹೇಳಿದ್ದನ್ನು ಕೇಳಿದೆ: "ಇವನು ನಮ್ಮ ಯೂನಿಟ್‌ನವನಲ್ಲ. ಶೂಟಿಂಗ್ ನೋಡೋಕೆ ಬಂದವನು." ನಾನು ಮುಂದೆ ಹೋಗಿ, ನಿನ್ನೆ ಇವನು ನನ್ನ ಹತ್ತಿರ ಹೀಗೆ ಹೇಳಿದ್ದಾನೆ ಎಂದೆ. "ನೀವು ನೋಡಿದ್ದೀರಾ?" ಎಂದು ಟೊಪ್ಪಿಗೆಯವನು ಕೇಳಿದ. ನೋಡಿರಲಿಲ್ಲ. ಕೇಳಿದ್ದೆ. "ಕೇಳಿದ್ದೆಲ್ಲ ಲೆಕ್ಕಕ್ಕಿಲ್ಲ," ಎಂದು ಅವನು ಪೊಲೀಸರ ಕಡೆ ತಿರುಗಿದ. ಅವರು ಅವನ ಮಾತನ್ನೇ ಬರೆದುಕೊಂಡರು. ಅವನೂ ತಾನು ಕಂಡದ್ದನ್ನು ಹೇಳಿರಲಿಲ್ಲ. ತನಗೆ ಬೇಕಾದದ್ದನ್ನು ಕಂಡ ಹಾಗೆ ಹೇಳಿದ್ದ.

ಆ ಮಾತು ಮನ್ಮನೆಗೂ ಹೋಯಿತು. ಈಶ್ವರನ ಹೆಂಡತಿ ಮಾದೇವಿ, ಒಮ್ಮೆ ಶಿರಸಿ ಪೇಟೆಯಲ್ಲಿ ಸಿಕ್ಕಾಗ, ನಡುರಸ್ತೆಯಲ್ಲಿ ನಿಂತು ಹೇಳಿದಳು: "ಊರಲ್ಲಿ ಎಲ್ರೂ ಅದನ್ನೇ ಹೇಳ್ತ್ರು ಅಣ್ಣ. ಹೀರೋಯಿನ್ ನೋಡೂಕೆ ಹೋಗಿ ಸತ್ತ ಅಂತ. ನೆಂಟರ ಮನೇಲೂ ಅದೇ ಮಾತು. ಅವ್ರು ನೋಡೂಕೆ ಹೋದವ್ರಲ್ಲ, ಕೆಲಸಕ್ಕೆ ಹೋದವ್ರು. ಯಾರಿಗೆ ಹೇಳೂದು ನಾನು?"

ಮುಂದಿನ ವರ್ಷ ಆ ಸಿನಿಮಾ ನಮ್ಮ ಟಾಕೀಸಿಗೆ ಬಂತು. ಪ್ರಿಂಟು ಬಂದ ದಿನ ರೀಲುಗಳನ್ನು ಕೈಯಲ್ಲಿ ಸುತ್ತಿ, ಹರುಕು ಇದೆಯೇ ಎಂದು ನೋಡುವುದು ಆಪರೇಟರ್ ಕೆಲಸ. ಕೊನೆಯ ರೀಲಿನ ಬಾಲವನ್ನು ಬೆಳಕಿಗೆ ಹಿಡಿದೆ. 'ವಾಹನ ಚಾಲಕರು' ಎಂಬುದರ ಕೆಳಗೆ, ನಡುವಿನಲ್ಲಿ, 'ಈಶ್ವರ ನಾಯ್ಕ, ಮನ್ಮನೆ' ಎಂದಿತ್ತು. ಹೆಸರಿನ ಮೊದಲು 'ದಿವಂಗತ' ಇರಲಿಲ್ಲ. ಯೂನಿಟ್ಟಿನ ಯಾರೋ ಒಬ್ಬ ಸಹಾಯಕ ಮಾತು ಉಳಿಸಿಕೊಂಡು ಸೇರಿಸಿರಬೇಕು. ಇದು ನನ್ನ ಊಹೆ. ಆಸ್ಪತ್ರೆಯಲ್ಲಿ ನಮ್ಮವನಲ್ಲ ಎಂದವರು ಇಲ್ಲಿ ನಮ್ಮವನು ಎಂದು ಬರೆದಿದ್ದರು, ಯಾರೂ ನೋಡದ ಜಾಗದಲ್ಲಿ.

ಮಾದೇವಿಗೆ ಹೇಳಿ ಕಳಿಸಿದೆ. ಪಾಟೀಲರಿಗೆ, ಈ ಪ್ರಿಂಟಿನ ಬಾಲ ಕೊಯ್ಯುವುದಿಲ್ಲ, ಶುಭಂ ಅಂಟಿಸುವುದಿಲ್ಲ ಎಂದೆ. ಕಾರಣವನ್ನೂ ಹೇಳಿದೆ.

"ಪಾಪ, ಖರೇ," ಎಂದರು ಪಾಟೀಲರು. "ಆದ್ರ ಜನ ಎದ್ದ್ ಹೊಂಟ ಮ್ಯಾಲೆ ಯಾರಿಗ್ ತೋರ್ಸತೀರಿ? ಕುರ್ಚಿಗೇನ್ರಿ?"

"ಒಬ್ಬಳು ಕೂತಿರ್ತಾಳೆ. ಅವಳಿಗೆ."

"ಮ್ಯಾಟ್ನಿಗೆ ಒಮ್ಮೆ ಓಡಸ್ರಿ. ಒಮ್ಮೆ ಅಷ್ಟ."

ಎರಡನೆಯ ದಿನ ಮಾದೇವಿ ಮ್ಯಾಟ್ನಿಗೆ ಬಂದಳು. ಹೆಂಗಸರ ಸಾಲಿನ ತುದಿಯಲ್ಲಿ ಕೂತಳು. ಕಿಂಡಿಯಿಂದ ಅವಳ ತಲೆ ಕಾಣುತ್ತಿತ್ತು. ಹದ್ದು, ಭೂಗೋಳ, ಮಿಂಚು, ಕುದುರೆ ಎಲ್ಲವನ್ನೂ ಅವಳು ಕತ್ತಲೆಯಲ್ಲಿ ಕೂತು ನೋಡಿದಳು. ಕಥೆಯ ನಡುವೆ ಅರಬೈಲಿನ ತಿರುವು ಬಂತು. ದೂರದಿಂದ ಒಂದು ಜೀಪು ಧೂಳೆಬ್ಬಿಸಿ ತಿರುಗುತ್ತದೆ, ಓಡಿಸುವವನ ಮುಖ ಕಾಣುವುದಿಲ್ಲ, ಹೊರಗೆ ಚಾಚಿದ ಮೊಣಕೈ ಮಾತ್ರ ಕಾಣುತ್ತದೆ. ಆ ಮೊಣಕೈ ನನಗೆ ಗೊತ್ತಿತ್ತು. ಮರುಕ್ಷಣ ನಾಯಕನ ಮುಖ ಬಂತು. ಟಾಕೀಸು ಸಿಳ್ಳೆ ಹೊಡೆಯಿತು, ಗಾಂಧಿ ಕ್ಲಾಸಿನವರು ಕಾಗದದ ಚೂರು ತೂರಿದರು. ಮಾದೇವಿಯ ತಲೆ ಅಲ್ಲಾಡಲಿಲ್ಲ.

ಕಥೆ ಮುಗಿಯಿತು. ಹೆಸರುಗಳು ಏರತೊಡಗಿದವು. ಬಾಗಿಲು ತೆಗೆಯಬೇಡಿ ಎಂದು ಹುಸೇನ್ ಸಾಬರಿಗೆ ಹೇಳಿದ್ದೆ, ಅವರು ತೆಗೆಯಲೂ ಇಲ್ಲ. ಪಾಟೀಲರೇ ಬಂದು ಅವರ ಕೈ ಸರಿಸಿ ಚಿಲಕ ಎಳೆದರು. ಆಚೆ ಬದಿಯ ಬಾಗಿಲನ್ನೂ ತೆರೆಸಿದರು. ಇಳಿಹೊತ್ತಿನ ಬಿಸಿಲು ನೇರ ಪರದೆಗೆ ಬಿತ್ತು. ಬಿಳಿ ಪರದೆ ಬರೀ ಬಿಳಿಯಾಯಿತು. ಎದ್ದ ಜನರ ತಲೆಗಳ ನಡುವೆ ಮಾದೇವಿ ಕುರ್ಚಿಯ ಮೇಲೆ ಹತ್ತಿ ನಿಂತಿದ್ದಳು. ನನ್ನ ಯಂತ್ರ ಈಶ್ವರನ ಹೆಸರನ್ನು ಓಡಿಸುತ್ತಲೇ ಇತ್ತು. ಅದು ಬಿಸಿಲಿನ ಮೇಲೆ ಬಿದ್ದು ಹೋಯಿತು.

ಕ್ಯಾಬಿನ್ನಿಗೆ ಅವಳನ್ನು ನಾನೇ ಕರೆದುಕೊಂಡು ಬಂದೆ. ಹುಸೇನ್ ಸಾಬರು ನೀರು ತಂದುಕೊಟ್ಟರು. ರೀಲು ಸುತ್ತುವ ರಿವೈಂಡರಿನ ಮೇಜಿನ ಮೇಲೆ ಬಲ್ಬು ಹಾಕಿ, ಬಾಲ ಬಿಚ್ಚಿ, ಆ ಜಾಗಕ್ಕೆ ಬಂದು ನಿಲ್ಲಿಸಿದೆ. ಅವಳು ಬಗ್ಗಿ ಬಹಳ ಹೊತ್ತು ನೋಡಿದಳು. ಉಗುರಿನಷ್ಟು ಜಾಗ. ಒಂದೊಂದೇ ಅಕ್ಷರ ಕೂಡಿಸಿ ಓದಿದಳು.

"ಇಷ್ಟ್ ಸಣಕಲ ಎಂತಕೆ ಬರ್ದಾರೆ ಅಣ್ಣ? ಅವ್ರು ಹೀಂಗೆ ಇರ್ಲಿಲ್ಲ."

ಅದು ಅಗಲ ಪರದೆಯ ಪ್ರಿಂಟು. ಅಂಥ ಫಿಲ್ಮಿನಲ್ಲಿ ಎಲ್ಲವೂ ಎರಡು ಪಕ್ಕದಿಂದ ಹಿಂಡಿದ ಹಾಗೆ ಸಪೂರವಾಗಿ, ಉದ್ದಕ್ಕೆ ನಿಂತಿರುತ್ತದೆ. ಯಂತ್ರದ ಮುಂದಿನ ಲೆನ್ಸು ಅದನ್ನು ಮತ್ತೆ ಅಗಲ ಮಾಡಿ ಪರದೆಗೆ ಬಿಡುತ್ತದೆ. ಇದನ್ನು ಅವಳಿಗೆ ಹೇಳಿದೆ. ಆಮೇಲೆ ಕತ್ತರಿ ತೆಗೆದು, "ಬೇಕಾದ್ರೆ ಇಷ್ಟು ಕೊಯ್ದು ಕೊಡ್ತೆ ತಂಗಿ, ಮನೇಲಿ ಇಟ್ಕೋ," ಎಂದೆ.

ಅವಳು ನನ್ನ ಕೈ ಹಿಡಿದು ನಿಲ್ಲಿಸಿದಳು.

"ಕೊಯ್ದ್ರೆ ಹೀಂಗೇ ಸಣಕಲ ಉಳೀತ್ರಾ?"

"ಹೌದು."

"ಹಂಗಾರೆ ಬೇಡ." ಪ್ರಿಂಟಿನ ಪೆಟ್ಟಿಗೆಯ ಕಡೆ ನೋಡಿ ಕೇಳಿದಳು: "ಈ ಪೆಟ್ಟಿಗೆ ನಮ್ಮ ಸಿದ್ದಾಪುರಕ್ಕೂ ಬರ್ತದಾ?"

"ಮೊದಲು ಯಲ್ಲಾಪುರ, ಆಮೇಲೆ ಸಿದ್ದಾಪುರ."

"ಅಲ್ಲಿ ನಮ್ಮೂರವ್ರು ನೋಡೂಕೆ ಹೋಗ್ತ್ರು. ಅಲ್ಲೂ ಬಾಗ್ಲು ತೆಗೀತ್ರಾ?"

ಸಿದ್ದಾಪುರದಲ್ಲೂ ಮೊಳೆ ಇತ್ತು. ಯಲ್ಲಾಪುರದಲ್ಲೂ ಇತ್ತು. ಬಾಲ ಇರುವಲ್ಲೆಲ್ಲ ಮೊಳೆ ಇತ್ತು.

ಆಗ ನನಗೆ ಬಂದ ಸಿಟ್ಟು ಯಾರ ಮೇಲೆ ಎಂದು ಇಂದಿಗೂ ಸರಿಯಾಗಿ ಬೇರ್ಪಡಿಸಲಾರೆ. ಪಾಟೀಲರ ಮೇಲೆ, ಬಿಳಿ ಟೊಪ್ಪಿಗೆಯವನ ಮೇಲೆ, ಕುದುರೆಯ ಮೇಲೆ ಕೂತ ಆ ನಿರ್ಮಾಪಕನ ಮಗನ ಮೇಲೆ. ಜೀವಮಾನದಲ್ಲಿ ಒಂದು ದಿನವೂ ದುಡಿಯದ ಆ ಹುಡುಗನನ್ನು ಜನ ಉಸಿರು ಹಿಡಿದು ಕೂತು ನೋಡಬೇಕು. ದುಡಿದು ಸತ್ತವನ ಹೆಸರು ಬರುವಾಗ ಚಪ್ಪಲಿ ಹುಡುಕಬೇಕು. ಇದನ್ನು ಯಾರು ಗೊತ್ತು ಮಾಡಿದರು?

"ಸಂಜೆ ಫಸ್ಟ್ ಶೋ ಶುರುವಾಗೂವರೆಗೆ ಇರು," ಎಂದೆ. "ಸಿದ್ದಾಪುರದ ಬಸ್ಸು ತಪ್ಪೂದಿಲ್ಲ."

ಮೊದಲ ರೀಲು ತೆಗೆದೆ. ಸೆನ್ಸಾರ್ ಸರ್ಟಿಫಿಕೇಟು ಮುಟ್ಟಲಿಲ್ಲ, ಅದು ಮೊದಲಿಗೇ ಬರಬೇಕು. ಅದರ ನಂತರದ ಹದ್ದು, ಭೂಗೋಳ, ಮಿಂಚು, ಕುದುರೆ ಪೂರ್ತಿ ಕತ್ತರಿಸಿದೆ. ಆ ಜಾಗಕ್ಕೆ ಬಾಲ ತಂದು ಅಂಟಿಸಿದೆ. ಕತ್ತರಿಸಿದ ತಲೆಯನ್ನು ಕೊನೆಯ ರೀಲಿಗೆ ಬಾಲ ಮಾಡಿದೆ. ಜೋಡಣೆ ಕೆಟ್ಟರೆ ಫಿಲ್ಮು ಪ್ರೊಜೆಕ್ಟರಿನ ಗೇಟಿನಲ್ಲಿ ಸಿಕ್ಕಿ ಹರಿಯುತ್ತದೆ, ಅದಕ್ಕಾಗಿ ಎಲ್ಲ ಜೋಡಣೆಗಳನ್ನೂ ಬೆರಳಿನಿಂದ ಮತ್ತೆ ಮತ್ತೆ ಸವರಿ ನೋಡಿದೆ.

ಫಸ್ಟ್ ಶೋಗೆ ಗಂಟೆ ಹೊಡೆಯಿತು. ಮಾದೇವಿ ಹಿಂದಿನ ಬಾಗಿಲ ಪಕ್ಕ, ಹುಸೇನ್ ಸಾಬರ ಜೊತೆ ನಿಂತಳು. ಬಾಗಿಲು ಮುಚ್ಚಿತು, ದೀಪ ಆರಿತು. ಸರ್ಟಿಫಿಕೇಟು ಹೋಯಿತು. ಹೆಸರುಗಳು ಏರತೊಡಗಿದವು.

"ಏ, ಉಲ್ಟಾ ಹಾಕಿದಾ!" ಎಂದ ಒಬ್ಬ.

"ಸಿನಿಮಾ ಮುಗೀತಾ? ದುಡ್ಡು ವಾಪಸ್ ಕೊಡಿ," ಎಂದ ಇನ್ನೊಬ್ಬ. ಜನ ನಕ್ಕರು. ಆದರೆ ಎದ್ದು ಹೋಗುವಂತಿರಲಿಲ್ಲ, ಕಥೆ ಇನ್ನೂ ಮುಂದಿತ್ತು. ಮಾಡಲು ಬೇರೆ ಕೆಲಸ ಇಲ್ಲದೆ ಓದಿದರು. ಇಸ್ತ್ರಿಯವರನ್ನು ಓದಿದರು, ಅಡುಗೆಯವರನ್ನು ಓದಿದರು. ವಾಹನ ಚಾಲಕರು ಬಂದಾಗ ಗಾಂಧಿ ಕ್ಲಾಸಿನಲ್ಲಿ ಯಾರೋ, "ಮನ್ಮನೆ ಅಂದ್ರೆ ನಮ್ಮ ಮನ್ಮನೆಯಾ?" ಎಂದು ಜೋರಾಗಿ ಕೇಳಿದ. ಚಪ್ಪಾಳೆ ಗಿಪ್ಪಾಳೆ ಇಲ್ಲ. ಈಶ್ವರನ ಹೆಸರು ಗೋಡೆಯಿಂದ ಗೋಡೆಗೆ ಅಗಲವಾಗಿ, ಅವನಷ್ಟೇ ದಪ್ಪನಾಗಿ ಏರಿ ಹೋಯಿತು.

ಪಾಟೀಲರು ಓಡಿ ಬಂದು ಚಿಲಕಕ್ಕೆ ಕೈ ಹಾಕಿದರಂತೆ. ಇದು ಹುಸೇನ್ ಸಾಬರು ಹೇಳಿದ್ದು. ಅವರು ಬಾಗಿಲಿಗೆ ಬೆನ್ನು ಕೊಟ್ಟು ನಿಂತು, "ಸಾಹೇಬ್ರೆ, ಆಟ ಈಗ ಶುರುವಾಗಿದೆ. ಈಗ ಬಾಗ್ಲು ತೆಗೆದ್ರೆ ಜನ ನಿಮ್ಮನ್ನೂ ಹೊಡೀತಾರೆ, ನನ್ನನ್ನೂ ಹೊಡೀತಾರೆ," ಎಂದರಂತೆ. ಕೊನೆಯ ಹೆಸರು ಹೋದ ಮೇಲೆ, ಒಬ್ಬಳು ಹೋಗುವಷ್ಟು ಮಾತ್ರ ಬಾಗಿಲು ತೆಗೆದು ಮಾದೇವಿಯನ್ನು ಬಸ್ಸಿಗೆ ಬಿಟ್ಟರು.

ಆಟ ಮುಗಿದಾಗ ಬಾಗಿಲು ತೆರೆಯಿತು, ದೀಪ ಹೊತ್ತಿತು. ಹದ್ದು ಹಾರಿತು, ಭೂಗೋಳ ತಿರುಗಿತು, ನಿರ್ಮಾಪಕನ ಮಗ ಕುದುರೆಯ ಮೇಲೆ ಬಂದ. ಜನ ಬೆನ್ನು ಹಾಕಿ ಚಪ್ಪಲಿ ಹುಡುಕುತ್ತಿದ್ದರು. ನಾನು ಪೂರ್ತಿ ಓಡಿಸಿದೆ.

ಪಾಟೀಲರು ಕ್ಯಾಬಿನ್ನಿಗೆ ಬಂದು ಕೂಗಾಡಿದರು. "ಕಂಪನಿಯವ್ರಿಗೆ ಗೊತ್ತಾದ್ರ ನನ್ನ ಗತಿ ಏನ್ರಿ? ನಾಳೆ ಬೆಳಿಗ್ಗೆ ಮೊದಲಿನ್ಹಂಗ ಜೋಡಸ್ರಿ!"

"ನನ್ನ ಕೈ ನಡುಗ್ತದೆ. ನೀವೇ ಜೋಡಿಸಿ," ಎಂದು ಕತ್ತರಿ ಮತ್ತು ಟೇಪನ್ನು ಅವರ ಮುಂದೆ ಇಟ್ಟೆ. ಅವರು ಎರಡನ್ನೂ ನೋಡಿದರು, ನನ್ನನ್ನೂ ನೋಡಿದರು, ಇಳಿದು ಹೋದರು. ಅದಕ್ಕೂ ಮೊದಲೇ, ಮೊದಲ ದಿನದ ಆಟ ನೋಡಿಕೊಂಡು ಕಂಪನಿಯ ಮನುಷ್ಯ ಊರು ಬಿಟ್ಟಿದ್ದ. ಆ ಸಿನಿಮಾ ನಮ್ಮಲ್ಲಿ ಇರುವಷ್ಟು ದಿನ ಹಾಗೆಯೇ ಓಡಿತು. ಪೆಟ್ಟಿಗೆ ಹಾಗೆಯೇ ಯಲ್ಲಾಪುರಕ್ಕೆ ಹೋಯಿತು.

ಯಲ್ಲಾಪುರದ ಆಪರೇಟರ್ ಅಂತೋನ್. ನನ್ನ ಹಾಗೆಯೇ ಹಳಬ, ಶುದ್ಧ ಕೆಲಸದವನು, ಒಂದು ಜೋಡಣೆ ಓರೆಯಾಗಿದ್ದರೂ ಬಿಚ್ಚಿ ಮತ್ತೆ ಹಾಕುವವನು. ಅವನಿಗೆ ಮೊದಲೇ ಹೇಳಬೇಕೆಂದು ಫೋನ್ ಮಾಡಿದರೆ ಅಲ್ಲಿಯ ಲೈನು ಸತ್ತಿತ್ತು. ಮರುದಿನ ಮಧ್ಯಾಹ್ನ ಅವನದೇ ಫೋನ್ ಬಂತು.

"ರಾಮಣ್ಣ, ನಿಂಗೆ ವಯಸ್ಸಾಯ್ತಾ ಎಂತ? ತಲೆ ಬಾಲಕ್ಕೆ, ಬಾಲ ತಲೆಗೆ ಹಾಕಿ ಕಳಿಸಿದ್ಯಲ. ಕತ್ತರಿ ಕೈಯಲ್ಲೇ ಅದೆ, ಸರಿ ಮಾಡಿಬಿಡ್ತೆ."

"ಅಂತೋನ್, ತಡಿ. 'ವಾಹನ ಚಾಲಕರು' ಅನ್ನೋ ಜಾಗ ತೆಗೆದು ಬೆಳಕಿಗೆ ಹಿಡಿ. ಹಿಡಿದು ಓದು."

ಫೋನು ಮೇಜಿನ ಮೇಲೆ ಇಟ್ಟ ಸದ್ದು ಕೇಳಿತು. ಫಿಲ್ಮು ಸರಸರ ಎಂದಿತು. ಬಹಳ ಹೊತ್ತಿನ ಮೇಲೆ ಫೋನು ಎತ್ತಿದ.

"ನಮ್ಮ ಪೆಟ್ಟಿಗೆ ತರ್ತಿದ್ದ ಈಶ್ವರನಾ? ಅರಬೈಲಿನಲ್ಲಿ ಹೋದವ?"

"ಅವನೇ."

"ಶೂಟಿಂಗ್ ನೋಡೂಕೆ ಬಂದವ ಅಂತ ಹೇಳಿದ್ರಲ ಇಲ್ಲಿ ಎಲ್ಲ."

"ಓದಿದ್ಯಲ ಈಗ."

ಅವನು ಮೂಗು ಸೀಟಿದ. ಕತ್ತರಿಯನ್ನು ಎಲ್ಲಿಯೋ ಇಟ್ಟ ಸದ್ದಾಯಿತು.

"ಸರಿಯಾಗೇ ಅದೆ ರಾಮಣ್ಣ ಇದು. ತಡಿ, ಸಿದ್ದಾಪುರದವನಿಗೆ ನಾನೇ ಹೋಗಿ ಹೇಳಿ ಬತ್ತೆ. ಅವ ಒಬ್ಬ ಇದ್ದಾನೆ, ಸರಿ ಮಾಡ್ತೆ ಅಂತ ಕೂತುಬಿಟ್ಟಾನು."